ಐಬು ಇರುವುದು ಕಂಬದಲ್ಲಲ್ಲ

ಕಿರಿಯಾಕೆ: ಅಕ್ಕಾ, ರಿಯಾದಿನ ಜಿಮ್ಮಿನಲ್ಲಿ ಪೋಲ್ ಡಾನ್ಸ್ ಕಲಿಯುವ ಹೆಂಗಸರ ಬಗ್ಗೆ 2023ರಲ್ಲಿ ಸುದ್ದಿಸಂಸ್ಥೆಗಳು ಬರೆದಿದ್ದವಲ್ಲ, ಅದನ್ನು ಈಗ ಓದಿದೆ. ಕೈರೋ, ಬೈರೂತ್‌ಗಳಲ್ಲೂ ಇಂಥ ತರಗತಿಗಳಿವೆಯಂತೆ. ಮನೆಯವರು, ಗೆಳತಿಯರು ಇದು ಸರಿಯಲ್ಲ ಎಂದರೂ ಕಲಿಯುವವರು ಬಿಟ್ಟಿಲ್ಲ. ತೋಳು ಗಟ್ಟಿಯಾಯಿತು, ನನ್ನ ಮೈ ಮೇಲೆ ನನಗೇ ನಂಬಿಕೆ ಬಂತು ಎನ್ನುತ್ತಾರೆ. ನನಗಂತೂ ದೊಡ್ಡ ಬಿಡುಗಡೆಯಾಗಿ ಕಂಡಿತು. ನೀವು ನೋಡಿದರೆ ಮುಖ ಗಂಟು ಹಾಕಿಕೊಂಡು ಕೂತಿದ್ದೀರಿ.

ಹಿರಿಯಾಕೆ: ನನ್ನ ಸಿಟ್ಟು ಕಂಬದ ಮೇಲಲ್ಲ ಕಣೇ, ‘ಬಿಡುಗಡೆ’ ಅನ್ನುವ ಮಾತಿನ ಮೇಲೆ. ಆ ಹೆಂಗಸರು ದಕ್ಕಿಸಿಕೊಂಡದ್ದು ಸಣ್ಣದೆಂದು ನಾನು ಹೇಳುವುದಿಲ್ಲ. ಸೌದಿಯಲ್ಲಿ ಗಂಡಸರ ಜಿಮ್ಮಿಗೆ ಪರವಾನಗಿ ಕೊಡುತ್ತಿದ್ದ ಇಲಾಖೆ ಹೆಂಗಸರ ಜಿಮ್ಮಿಗೆ ಕೊಡುತ್ತಲೇ ಇರಲಿಲ್ಲ. 2009ರ ಸುಮಾರಿಗೆ, ಪರವಾನಗಿ ಇಲ್ಲವೆಂಬ ನೆಪದಲ್ಲಿ ಹಲವಕ್ಕೆ ಬೀಗ ಬಿತ್ತು. ಆಗ ಅಲ್ಲಿನ ಹೆಂಗಸರು ಇಂಟರ್ನೆಟ್ಟಿನಲ್ಲಿ ನಡೆಸಿದ ಅಭಿಯಾನದ ಹೆಸರು ‘ಅವಳು ದಪ್ಪಗಾಗಲಿ ಬಿಡಿ’. ಎಂಥ ಕಟಕಿ ನೋಡು! ಹುಡುಗಿಯರು ಫುಟ್‌ಬಾಲ್ ಆಡಿ ಎಗರಿದರೆ ಕನ್ಯತ್ವಕ್ಕೆ ಕುಂದು ಬಂದೀತು ಎಂದು ಹಿರಿಯ ಧರ್ಮಪಂಡಿತರೊಬ್ಬರು ಅದೇ ಕಾಲದಲ್ಲಿ ಎಚ್ಚರಿಸಿದ್ದರು. ಹೆಣ್ಣುಮಕ್ಕಳಿಗೆ ಕ್ರೀಡೆ ನಿರಾಕರಿಸುವುದರ ಬಗ್ಗೆ ಹ್ಯೂಮನ್ ರೈಟ್ಸ್ ವಾಚ್ 2012ರಲ್ಲಿ ತಂದ ವರದಿಗೆ ಇಟ್ಟ ಹೆಸರೇ ‘ಸೈತಾನನ ಹೆಜ್ಜೆಗಳು’. ಆ ವರ್ಷದ ಲಂಡನ್ ಒಲಿಂಪಿಕ್ಸ್‌ಗೆ ಮೊದಲ ಸಲ ಇಬ್ಬರು ಸೌದಿ ಹೆಣ್ಣುಮಕ್ಕಳು ಹೋದರು, ಒಬ್ಬಳು ಜೂಡೋಗೆ, ಇನ್ನೊಬ್ಬಳು 800 ಮೀಟರ್ ಓಟಕ್ಕೆ. ಹೆಂಗಸರ ಜಿಮ್ಮಿಗೆ ಪರವಾನಗಿ ಸಿಗತೊಡಗಿದ್ದು 2017ರಲ್ಲಿ. ಅಲ್ಲಿಂದ ಉಕ್ಕಿನ ಕಂಬದವರೆಗೆ ಬಂದದ್ದು ದೂರದ ದಾರಿಯೇ ಸರಿ. ಆದರೆ ಆ ದೂರವನ್ನು ಯಾವ ಗಜಕೋಲಿನಿಂದ ಅಳೆಯಬೇಕು? ಬಾಗಿಲು ಹಾಕಿದ ಕೋಣೆಯೊಳಗೆ ಏನೇನು ಮಾಡಲು ಬಿಡುತ್ತಾರೆ ಎಂದು ನೀನು ಅಳೆಯುತ್ತಿದ್ದೀಯ. ಆ ಬಾಗಿಲು ತೆರೆದುಹೋದ ದಿನ ಅವಳ ಗತಿ ಏನಾಗುತ್ತದೆ ಎಂದು ನಾನು ಅಳೆಯುತ್ತೇನೆ.

ಕಿರಿಯಾಕೆ: ಬಾಗಿಲು ಹಾಕಿಕೊಳ್ಳುವುದರಲ್ಲಿ ತಪ್ಪೇನಿದೆ? ಅದು ಅವರ ಧರ್ಮ, ಅವರ ಸಂಕೋಚ. ಹೆಂಗಸರು ಹೆಂಗಸರ ನಡುವೆ ಏನು ಮಾಡಿದರೂ ಅಡ್ಡಿಯಿಲ್ಲ ಎಂದರೆ ಅಲ್ಲಿಗೆ ಕಳಂಕದ ಪ್ರಶ್ನೆಯೇ ಮುಗಿಯಿತಲ್ಲ.

ಹಿರಿಯಾಕೆ: ಅಷ್ಟು ಸಲೀಸಾಗಿದ್ದರೆ ಚೆನ್ನಾಗಿತ್ತು. ಕಂಬದ ಮೇಲೆ ನಿಜಕ್ಕೂ ಏನು ನಡೆಯುತ್ತದೆ ಎಂದು ಒಮ್ಮೆ ಹತ್ತಿರದಿಂದ ನೋಡು. ಸ್ಪರ್ಧೆಗಳಲ್ಲಿ ಬಳಸುವ ಕಂಬ 45 ಮಿಲಿಮೀಟರ್ ದಪ್ಪದ ಲೋಹದ ಕೊಳವೆ, ಮುಷ್ಟಿಗೆ ಸರಿಯಾಗಿ ಕೂರುತ್ತದೆ. ಹಿಂದಿನವಳ ಬೆವರು ಉಳಿದಿದ್ದರೆ ಕೈ ಜಾರುತ್ತದೆ. ಹಾಗಾಗಿ ಹತ್ತುವ ಮೊದಲು ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಮೇಲಿಂದ ಕೆಳಗಿನವರೆಗೆ ಒರೆಸುತ್ತಾರೆ. ಕೈಬಿಟ್ಟು ಕಂಬದ ಮೇಲೆ ಕೂರಬೇಕಾದರೆ ಎರಡು ತೊಡೆಗಳಿಂದ ಅದನ್ನು ಇಕ್ಕಳದ ಹಾಗೆ ಕಚ್ಚಿ ಹಿಡಿಯಬೇಕು. ತಲೆಕೆಳಗಾಗಿ ನೇತಾಡಲು ಮಂಡಿಯ ಹಿಂದಿನ ಮಡಿಕೆ, ಪಕ್ಕಕ್ಕೆ ಚಾಚಲು ಕಂಕುಳು, ಸೊಂಟದ ಪಕ್ಕೆ. ಬಟ್ಟೆಯಿದ್ದರೆ ಜಾರುತ್ತದೆ, ಚರ್ಮವಾದರೆ ಕಚ್ಚಿಕೊಳ್ಳುತ್ತದೆ. ಮೊದಮೊದಲು ಒಳತೊಡೆಯೆಲ್ಲ ನೀಲಿಗಟ್ಟಿ ಮೆಟ್ಟಿಲಿಳಿಯುವುದೂ ಕಷ್ಟವಾಗುತ್ತದೆ. ತುಂಡು ಚಡ್ಡಿ ಹಾಕುವುದು ಈ ಕಾರಣಕ್ಕೆ, ಶೋಕಿಗಲ್ಲ. ಇನ್ನು ಇಸ್ಲಾಮೀ ನ್ಯಾಯಶಾಸ್ತ್ರದಲ್ಲಿ ಮೈಯ ಮರೆಮಾಡಬೇಕಾದ ಭಾಗಕ್ಕೆ ‘ಔರತ್’ ಎಂದು ಹೆಸರು. ಹೆಂಗಸು ಹೆಂಗಸಿನ ಎದುರು ಮರೆಮಾಡಬೇಕಾದದ್ದು ಹೊಕ್ಕುಳಿನಿಂದ ಮಂಡಿಯವರೆಗೆ ಎಂಬುದು ಬಹುಪಾಲು ಶಾಸ್ತ್ರಜ್ಞರ ಮತ. ಅಂದರೆ ಕಂಬ ಕೇಳುವ ತೊಡೆಯನ್ನೇ ಶಾಸ್ತ್ರ ಮುಚ್ಚು ಎನ್ನುತ್ತದೆ, ಗಂಡಸರಿಲ್ಲದ ಕೋಣೆಯಲ್ಲೂ. ಇದಕ್ಕೆಂದೇ ಅಂಟುವ ಲೆಗಿಂಗ್ಸ್ ಮಾರುಕಟ್ಟೆಗೆ ಬಂದಿವೆ ಅನ್ನು, ವ್ಯಾಪಾರ ಎಲ್ಲಕ್ಕೂ ದಾರಿ ಹುಡುಕುತ್ತದೆ. ನಾನು ಹೇಳಹೊರಟದ್ದು ಬೇರೆ. ಶಾಸ್ತ್ರದ ಪ್ರಕಾರ ತೊಡೆ ತೋರಿದವರೆಲ್ಲ ಒಂದೇ ತಪ್ಪು ಮಾಡಿದವರು. ಆದರೆ ಸಮಾಜ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಅರಬ್ಬೀಯಲ್ಲಿ ಧರ್ಮ ನಿಷೇಧಿಸಿದ್ದಕ್ಕೆ ‘ಹರಾಮ್’, ನಾಲ್ಕು ಜನರೆದುರು ತಲೆ ತಗ್ಗಿಸುವಂತೆ ಮಾಡುವುದಕ್ಕೆ ‘ಐಬ್’. ಈ ಎರಡನೆಯದು ನಮಗೂ ಗೊತ್ತು. ಎತ್ತಿಗೆ ಐಬಿದೆ, ಗಾಡಿಗೆ ಐಬಿದೆ ಎನ್ನುತ್ತೇವಲ್ಲ, ಅದೇ ಪದ ಊರೂರು ಸುತ್ತಿ ಕನ್ನಡಕ್ಕೆ ಬಂದದ್ದು. ಹರಾಮಿಗೆ ಗ್ರಂಥವಿದೆ, ವಾದ ಮಾಡಬಹುದು. ಐಬಿಗೆ ಗ್ರಂಥವಿಲ್ಲ. ಯಾರು ನೋಡಿದರು, ದುಡ್ಡು ಯಾರು ಕೊಟ್ಟರು, ಅವಳು ಯಾರ ಮನೆಯವಳು, ಇವೇ ಅದರ ಲೆಕ್ಕ.

ಕಿರಿಯಾಕೆ: ದುಡ್ಡಿನ ಮಾತು ಇದರಲ್ಲಿ ಹೇಗೆ ಬಂತು?

ಹಿರಿಯಾಕೆ: ದುಡ್ಡೇ ಇದರ ಮೂಲ. ಈಜಿಪ್ಟನ್ನೇ ನೋಡು. ಅಲ್ಲಿ ಮದುವೆಮನೆಯಲ್ಲಿ ಅಜ್ಜಿಯಿಂದ ಮೊಮ್ಮಗಳವರೆಗೆ ಎಲ್ಲರೂ ಸೊಂಟ ಕುಣಿಸುತ್ತಾರೆ. ಕುಣಿಯದಿದ್ದರೆ ಯಾಕಮ್ಮಾ ಮುನಿಸು ಎಂದು ಕೇಳುತ್ತಾರೆ. ಅದೇ ಕುಣಿತವನ್ನು ಹೊಟ್ಟೆಪಾಡಿಗೆ ಮಾಡುವವಳು ‘ರಕ್ಕಾಸಾ’. ನರ್ತಕಿಯ ಮಗ ಎಂಬುದು ಕೈರೋದ ಬೀದಿಯಲ್ಲಿ ಬೈಗುಳ. ಕರಿನ್ ವಾನ್ ನ್ಯೂಕೆರ್ಕ್ ಎಂಬ ಡಚ್ ಮಾನವಶಾಸ್ತ್ರಜ್ಞೆ ಕೈರೋದ ಹಾಡುಗಾರ್ತಿಯರು, ನರ್ತಕಿಯರ ಜೊತೆ ಓಡಾಡಿ 1995ರಲ್ಲಿ ಪುಸ್ತಕವೊಂದನ್ನು ತಂದರು. ನಮ್ಮದೂ ಎಲ್ಲರ ಹಾಗೆ ಒಂದು ಕಸುಬು ಎಂಬ ಆ ಹೆಂಗಸರ ವಾದವೇ ಪುಸ್ತಕದ ಹೆಸರು. ಅವರು ಕಂಡದ್ದು ಇದು: ಒಂದೇ ಮೇಳದಲ್ಲಿ ಡೋಲು ಬಾರಿಸುವ ಗಂಡಸು ಕೆಲಸಗಾರ, ಪಕ್ಕದಲ್ಲಿ ಕುಣಿಯುವ ಹೆಂಗಸು ನಾಚಿಕೆಗೆಟ್ಟವಳು. ಗಂಡಿನ ಮೈ ದುಡಿಯುವ ಮೈ, ಹೆಣ್ಣಿನ ಮೈ ಏನು ಮಾಡಿದರೂ ಕಾಮದ ಮೈ. ಇದು ನಿನ್ನೆ ಮೊನ್ನೆಯದಲ್ಲ. 1834ರಲ್ಲಿ ಅಲ್ಲಿ ಆಳುತ್ತಿದ್ದ ಮಹಮ್ಮದ್ ಅಲಿ ಪಾಷಾ ಕೈರೋದ ಬೀದಿ ನರ್ತಕಿಯರನ್ನು ದಕ್ಷಿಣದ ಎಸ್ನಾ, ಕೆನಾ, ಅಸ್ವಾನ್‌ಗಳಿಗೆ ಗಡೀಪಾರು ಮಾಡಿದ. ಕುಣಿತ ನಿಲ್ಲಲಿಲ್ಲ, ಕುಣಿಯುವವರು ಊರು ಬಿಟ್ಟರು. 1926ರಲ್ಲಿ ಬದೀಯಾ ಮಸಾಬ್ನಿ ಕೈರೋದಲ್ಲಿ ರಂಗಶಾಲೆ ತೆರೆದು, ತಹಿಯಾ ಕಾರಿಯೋಕಾ, ಸಾಮಿಯಾ ಗಮಾಲ್‌ರಂಥವರನ್ನು ಬೆಳೆಸಿದಳು. ಸಿನಿಮಾ ಅವರನ್ನು ಮನೆಮಾತು ಮಾಡಿತು. ಆದರೂ ತೆರೆಯ ಮೇಲಿನ ನರ್ತಕಿಯನ್ನು ಮೆಚ್ಚಿದ ಮನೆಗಳು ಅಂಥವಳನ್ನು ಸೊಸೆಯಾಗಿ ತರಲು ಒಪ್ಪುತ್ತಿರಲಿಲ್ಲ. ಇಂದಿಗೂ ಅಲ್ಲಿ ವೃತ್ತಿನರ್ತಕಿಗೆ ಸರ್ಕಾರದ ಪರವಾನಗಿ ಬೇಕು, ಹೊಟ್ಟೆ ಬರಿದಾಗಿ ಕಾಣಬಾರದು ಎಂಬ ನಿಯಮವಿದೆ. ಅದಕ್ಕೆ ಮೈಬಣ್ಣದ ಬಲೆಬಟ್ಟೆ ಹೊಲಿಸಿಕೊಳ್ಳುತ್ತಾರೆ. ದೂರದಿಂದ ನೋಡುವವನಿಗೆ ಹೊಟ್ಟೆ, ಹತ್ತಿರ ಬಂದ ಪೊಲೀಸನಿಗೆ ಬಟ್ಟೆ.

ಕಿರಿಯಾಕೆ: ಅದು ಬೆಲ್ಲಿ ಡಾನ್ಸ್. ಕಂಬದ್ದು ಬೇರೆ ಅಲ್ಲವೇ? ಅದು ಈಗ ಕ್ರೀಡೆ. 2009ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟವಾಯಿತು, 2017ರಲ್ಲಿ ಜಾಗತಿಕ ಕ್ರೀಡಾ ಒಕ್ಕೂಟಗಳ ಮಹಾಸಂಸ್ಥೆ ಅದಕ್ಕೆ ವೀಕ್ಷಕ ಸ್ಥಾನ ಕೊಟ್ಟಿತು. ನಮ್ಮ ಮಲ್ಲಕಂಬವೇ ಇದಕ್ಕೆ ಮೂಲ ಎಂದೂ ಹೇಳುವವರಿದ್ದಾರೆ. ಡಾನ್ಸ್ ಎಂಬ ಪದವನ್ನೇ ತೆಗೆದುಹಾಕಿ ‘ಪೋಲ್ ಸ್ಪೋರ್ಟ್’ ಎಂದರೆ ಯಾರೂ ಬಾಯಿ ತೆರೆಯುವಂತಿಲ್ಲ.

ಹಿರಿಯಾಕೆ: ಮಲ್ಲಕಂಬದ ಮಾತು ತೆಗೆದದ್ದು ಒಳ್ಳೆಯದಾಯಿತು. ಕಲ್ಯಾಣದ ಚಾಲುಕ್ಯರ ಮುಮ್ಮಡಿ ಸೋಮೇಶ್ವರ, ಭೂಲೋಕಮಲ್ಲನೆಂದು ಬಿರುದಾಂಕಿತ, ಹನ್ನೆರಡನೇ ಶತಮಾನದಲ್ಲಿ ‘ಮಾನಸೋಲ್ಲಾಸ’ ಬರೆದ. ಜಟ್ಟಿಗಳು ಸಾಧನೆ ಮಾಡುವ ಸ್ತಂಭದ ಮಾತು ಅದರಲ್ಲಿದೆ ಎನ್ನುತ್ತಾರೆ. ಇವತ್ತಿನ ಬಸವಕಲ್ಯಾಣದಲ್ಲಿ ಹುಟ್ಟಿದ ಮಾತು ರಿಯಾದಿನ ಜಿಮ್ಮಿಗೆ ಸಾಕ್ಷಿಯಾಗಿ ಹೋಗಿದೆ, ಸಂತೋಷ. ಆದರೆ ಮಲ್ಲಕಂಬದ ಹುಡುಗ ಮೈಮೇಲೆ ಏನು ತೊಡುತ್ತಾನೆ? ಒಂದು ಲಂಗೋಟಿ. ಕಂಬಕ್ಕೆ ಹರಳೆಣ್ಣೆ ಸವರಿ, ತೊಡೆಯಿಂದಲೇ ಅದನ್ನು ಕಚ್ಚಿ ಹಿಡಿಯುತ್ತಾನೆ. ಅದೇ ಕಂಬ, ಅದೇ ತೊಡೆ, ಇನ್ನೂ ಕಡಿಮೆ ಬಟ್ಟೆ. ಅವನ ಶೀಲದ ಬಗ್ಗೆ ಯಾರಾದರೂ ಕೇಳಿದ್ದಾರೆಯೇ? ಹಾಗಾದರೆ ಐಬು ಕಂಬದಲ್ಲೂ ಇಲ್ಲ, ಬರಿಮೈಯಲ್ಲೂ ಇಲ್ಲ ಎಂದಾಯಿತು. ಮಲ್ಲಕಂಬವನ್ನು ಅಜ್ಜನನ್ನಾಗಿ ಮಾಡಿಕೊಂಡರೆ ವಂಶವೃಕ್ಷ ಚೊಕ್ಕಟವಾಗಿ ಕಾಣುತ್ತದೆ, ನಿಜ. ಅದಕ್ಕಾಗಿ ಅಜ್ಜಿಯನ್ನು ಮನೆಯಿಂದ ಹೊರಗೆ ಹಾಕಬೇಕಾಗುತ್ತದೆ. ಆ ಅಜ್ಜಿ ಯಾರು ಗೊತ್ತೇ? 1893ರ ಷಿಕಾಗೋ ವಿಶ್ವಮೇಳದಲ್ಲಿ ‘ಕೈರೋದ ಬೀದಿ’ ಎಂಬ ಪ್ರದರ್ಶನವಿತ್ತು. ಅಲ್ಲಿಗೆ ಬಂದ ಅರಬ್ ನರ್ತಕಿಯರ ಕುಣಿತ ಕಂಡು ಅಮೆರಿಕ ಹುಚ್ಚೆದ್ದಿತು. ಅದರ ಅಗ್ಗದ ನಕಲು ‘ಹೂಚಿ ಕೂಚಿ’ ಎಂಬ ಹೆಸರಿನಲ್ಲಿ ಊರೂರು ತಿರುಗುವ ಜಾತ್ರೆ ಡೇರೆಗಳನ್ನು ಸೇರಿತು. ಡೇರೆಯ ನಡುಗಂಬ ಹಿಡಿದು ಕುಣಿದದ್ದೇ ಪೋಲ್ ಡಾನ್ಸಿನ ಆರಂಭ ಎಂಬ ಕಥೆಗೆ ಗಟ್ಟಿ ಪುರಾವೆ ಕಡಿಮೆ. ಆದರೆ ಆ ಡೇರೆಗಳಿಂದ ಬರ್ಲೆಸ್ಕ್‌ಗೆ, ಅಲ್ಲಿಂದ ಬಟ್ಟೆ ಬಿಚ್ಚುವ ಕ್ಲಬ್ಬುಗಳಿಗೆ ದಾರಿ ಇದ್ದದ್ದು ಸುಳ್ಳಲ್ಲ. ಕ್ಲಬ್ಬಿನ ಹೆಂಗಸರೇ ಕಂಬದ ಪಟ್ಟುಗಳನ್ನು ಕಟ್ಟಿದವರು. 1990ರ ದಶಕದಲ್ಲಿ ಅವರಿಂದಲೇ ಅದು ಮನೆಯೊಡತಿಯರ ತರಗತಿಗೆ ಬಂತು. ಈಗ ಕೈರೋದ ಜಿಮ್ಮಿನಲ್ಲಿ ನಿಂತಿರುವ ಕಂಬ ಪರದೇಶದ್ದು ಎಂದು ಬೈಯುವವರಿಗೆ ಈ ಸುತ್ತು ತಿಳಿದಿಲ್ಲ ಅನಿಸುತ್ತದೆ.

ಕಿರಿಯಾಕೆ: ಮೂಲ ಕ್ಲಬ್ಬಿನದೇ ಎಂದಾದರೆ ಬೈಯುವವರ ಮಾತಿನಲ್ಲೂ ಹುರುಳಿದೆಯಲ್ಲ. ಧರ್ಮದವರಷ್ಟೇ ಅಲ್ಲ, ಪಶ್ಚಿಮದ ಸ್ತ್ರೀವಾದಿಗಳೂ ಕೇಳಿದ್ದಾರೆ. ಗಂಡಸರ ಕಣ್ಣಿಗಾಗಿ ಹುಟ್ಟಿದ್ದನ್ನು ಹೆಂಗಸರ ಸಬಲೀಕರಣ ಎಂದು ಮಾರುವುದು ಮೋಸವಲ್ಲವೇ ಎಂದು.

ಹಿರಿಯಾಕೆ: ಕೇಳಬೇಕಾದ ಪ್ರಶ್ನೆಯೇ. ಅಮೆರಿಕದ ಲೇಖಕಿ ಏರಿಯಲ್ ಲೆವಿ 2005ರಲ್ಲೇ ಒಂದು ಪುಸ್ತಕದುದ್ದಕ್ಕೂ ಅದನ್ನು ಕೇಳಿದ್ದಾಳೆ. ಆದರೆ ಹುಟ್ಟಿನಿಂದ ಬೆಲೆ ಕಟ್ಟುವ ವಾದ ನಮಗೆ ಒಗ್ಗಬಾರದು, ಅದರ ರುಚಿ ನಮಗೆ ಚೆನ್ನಾಗಿ ಗೊತ್ತಿದೆ. ಗಂಡಸಿನ ಕಣ್ಣಿಗೆ ಹುಟ್ಟಿದ್ದು ಗಂಡಸಿಲ್ಲದ ಕೋಣೆಯಲ್ಲಿ ಬೇರೆಯೇ ಆಗಬಹುದು, ಆಗಿದೆ ಕೂಡ. ನನ್ನ ತಕರಾರು ಇನ್ನೊಂದು. ಕಂಬ ಮಧ್ಯಮವರ್ಗಕ್ಕೆ ಬಂದ ಮೇಲೆ ಹವ್ಯಾಸಿಗಳು ತಮ್ಮ ಫೋಟೋಗಳಿಗೆ ‘ನಾನು ಕ್ಲಬ್ಬಿನವಳಲ್ಲ’ ಎಂಬ ಹ್ಯಾಷ್‌ಟ್ಯಾಗ್ ಹಚ್ಚತೊಡಗಿದರು. ‘ಹೌದು, ನಾನು ಕ್ಲಬ್ಬಿನವಳೇ’ ಎಂದು ಕ್ಲಬ್ಬಿನ ಹೆಂಗಸರು ತಿರುಗಿಸಿ ಹಚ್ಚಿದರು. ಆ ಜಗಳದಲ್ಲಿ ನನ್ನ ವಾದವೆಲ್ಲ ಅಡಗಿದೆ. ನಾನು ಅಂಥವಳಲ್ಲ ಎಂದು ಹೇಳಿ ಗಳಿಸಿದ ಮರ್ಯಾದೆ, ‘ಅಂಥವಳು’ ಎಂಬ ಒಬ್ಬಳು ಎಲ್ಲೋ ಇರಲೇಬೇಕು ಎಂದು ಒಪ್ಪಿಕೊಂಡ ಮರ್ಯಾದೆ. ಈಜಿಪ್ಟಿನಲ್ಲಿ ಇದು ಒಮ್ಮೆ ದೊಡ್ಡದಾಗಿ ನಡೆದಿದೆ. 1959ರಲ್ಲಿ ಮಹಮೂದ್ ರೆಡಾ ಜಾನಪದ ನೃತ್ಯ ತಂಡ ಕಟ್ಟಿದ. ಪ್ರಧಾನ ನರ್ತಕಿ ಫರೀದಾ ಫಹ್ಮಿ ಎಂಜಿನಿಯರಿಂಗ್ ಪ್ರಾಧ್ಯಾಪಕರ ಮಗಳು. ಪ್ರಾಧ್ಯಾಪಕರ ಮಗಳು ಕುಣಿದಳು, ಹಾಗಾಗಿ ಕುಣಿತ ದೇಶದ ಸಂಸ್ಕೃತಿಯಾಯಿತು. 1961ರಲ್ಲಿ ಸರ್ಕಾರವೇ ತಂಡವನ್ನು ವಹಿಸಿಕೊಂಡಿತು. ಒಳ್ಳೆಯ ತಂಡವೇ, ಒಳ್ಳೆಯ ಕೆಲಸವೇ. ಆದರೆ ತಲೆಮಾರುಗಳಿಂದ ಆ ಹೆಜ್ಜೆಗಳನ್ನು ಉಳಿಸಿಕೊಂಡು ಬಂದ ಕೈರೋದ ಮಹಮ್ಮದ್ ಅಲಿ ಬೀದಿಯ ನರ್ತಕಿಯರ ಕಳಂಕ ಒಂದು ಗುಲಗಂಜಿಯೂ ಕಡಿಮೆಯಾಗಲಿಲ್ಲ. ದೇವದಾಸಿಯರ ಸದಿರು ಭರತನಾಟ್ಯವಾದ ಕಥೆ ಗೊತ್ತಿರುವ ನಾವು ಇದಕ್ಕೆ ಹೆಚ್ಚಿನ ವ್ಯಾಖ್ಯಾನ ಬೇಡ ಎನ್ನಬಹುದು.

ಕಿರಿಯಾಕೆ: ನೀವು ಕೇಳುತ್ತಿರುವುದು ಅನ್ಯಾಯ ಅಕ್ಕಾ. ದಿನವಿಡೀ ದುಡಿದು, ಸಂಜೆ ಒಂದು ಗಂಟೆ ಕಂಬ ಹತ್ತಲು ಬರುವ ಹೆಂಗಸಿನ ಹೆಗಲಿಗೆ ಇಡೀ ದೇಶದ ನರ್ತಕಿಯರ ಮಾನವನ್ನು ಹೊರಿಸುತ್ತೀರಿ. ನಾನು ಅಂಥವಳಲ್ಲ ಎಂದು ಹೇಳದಿದ್ದರೆ ಅವಳ ಅಪ್ಪ ನಾಳೆಯೇ ಜಿಮ್ ಬಿಡಿಸುತ್ತಾನೆ. ಓಟಕ್ಕೆ ಹೋಗುವ ಗಂಡಸಿಗೆ ನಾವು ಇಂಥ ಪ್ರಶ್ನೆ ಕೇಳುತ್ತೇವೆಯೇ?

ಹಿರಿಯಾಕೆ: ಒಪ್ಪಿದೆ. ಆ ಹೊರೆ ಅವಳದಲ್ಲ, ಅವಳು ಏನು ಹೇಳಿ ಪಾರಾದರೂ ನಾನು ತಪ್ಪು ಹಿಡಿಯುವುದಿಲ್ಲ. ತೋಳಿನ ಬಲ ತೋಳಿನ ಬಲವೇ, ಅದಕ್ಕೆ ಯಾರ ಸಮರ್ಥನೆಯೂ ಬೇಡ. ನನ್ನ ಮಾತು ಅವಳನ್ನು ನೋಡಿ ದೂರದಿಂದ ಬರೆಯುವವರಿಗೆ, ಅವಳ ಕೋಣೆಯನ್ನು ದೇಶದ ಬದಲಾವಣೆಯ ಸಾಕ್ಷಿಯೆಂದು ತೋರಿಸುವವರಿಗೆ. ಇನ್ನೂ ಒಂದಿದೆ. ನಾನು ಅಂಥವಳಲ್ಲ ಎಂಬ ಮಾತು ಅವಳನ್ನೂ ಕಾಯುವುದಿಲ್ಲ. 2022ರ ಜನವರಿಯಲ್ಲಿ ಈಜಿಪ್ಟಿನ ಒಂದು ಪ್ರಕರಣ ದೇಶವಿಡೀ ಚರ್ಚೆಯಾಯಿತು. ಒಬ್ಬ ಶಾಲಾ ಶಿಕ್ಷಕಿ ಸಹೋದ್ಯೋಗಿಗಳ ಜೊತೆ ನೈಲ್ ನದಿಯಲ್ಲಿ ದೋಣಿವಿಹಾರಕ್ಕೆ ಹೋಗಿದ್ದಳು. ಹಾಡು ಹಾಕಿದರು, ಕುಣಿದಳು. ತಲೆಗೆ ಸ್ಕಾರ್ಫ್, ಮೈತುಂಬ ಉಡುಪು, ಮುಂಗೈವರೆಗೆ ತೋಳು. ಕಂಬವಿಲ್ಲ, ಕ್ಲಬ್ಬಿಲ್ಲ, ಬರಿತೊಡೆಯಿಲ್ಲ, ಕಾಸಿಲ್ಲ. ಯಾರೋ ಅವಳಿಗೆ ತಿಳಿಯದಂತೆ ಮೊಬೈಲಿನಲ್ಲಿ ಹಿಡಿದು ಹರಿಬಿಟ್ಟರು. ಶಾಲೆಯ ಕೆಲಸ ಹೋಯಿತು, ಗಂಡ ತಲಾಖ್ ಕೊಟ್ಟ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತೇವಲ್ಲ, ಹಾಗೆ. ಶಾಸ್ತ್ರದ ಪ್ರಶ್ನೆ ಅಲ್ಲಿ ಬಲು ಕಡಿಮೆ. ಮದುವೆಯಲ್ಲಿ ಇದೇ ಹೆಂಗಸು ಇದೇ ಕುಣಿತ ಕುಣಿದಿದ್ದರೆ ಯಾರೂ ಕಣ್ಣೆತ್ತಿ ನೋಡುತ್ತಿರಲಿಲ್ಲ. ನೋಡಬಾರದವರು ನೋಡಿದರು, ಅಷ್ಟೇ ಅವಳ ಅಪರಾಧ. ಅರಬ್ ಸಮಾಜಕ್ಕೆ ಇದು ಗೊತ್ತಿಲ್ಲದ್ದಲ್ಲ. ಕೊಲ್ಲಿಯ ಮದುವೆಗಳಲ್ಲಿ ಹೆಂಗಸರ ಸಭಾಂಗಣದ ಬಾಗಿಲಲ್ಲೇ ಮೊಬೈಲ್ ಇಸಿದುಕೊಳ್ಳುವ ಪದ್ಧತಿಯಿತ್ತು. ಸೌದಿಯಲ್ಲಿ ಕ್ಯಾಮೆರಾ ಇರುವ ಮೊಬೈಲಿಗೇ ನಿಷೇಧವಿತ್ತು, ತೆಗೆದದ್ದು 2004ರ ಕೊನೆಗೆ. 2007ರ ಸೈಬರ್ ಅಪರಾಧ ಕಾಯ್ದೆಯಲ್ಲಿ ಮೊಬೈಲ್ ಕ್ಯಾಮೆರಾದಿಂದ ಇನ್ನೊಬ್ಬರ ಖಾಸಗಿತನ ಕೆಡಿಸಿದರೆ ಒಂದು ವರ್ಷದವರೆಗೆ ಜೈಲು ಎಂದಿದೆ. ಅಂದರೆ ಹೆಂಗಸಿನ ಸ್ವಾತಂತ್ರ್ಯ ಬಾಗಿಲ ಚಿಲಕದಷ್ಟೇ ಗಟ್ಟಿ ಎಂಬುದನ್ನು ಕಾನೂನು ಬರೆದವರೂ ಬಲ್ಲರು.

ಕಿರಿಯಾಕೆ: ಆದರೆ ಆ ಶಿಕ್ಷಕಿಯ ಪರವಾಗಿಯೂ ಜನ ನಿಂತರಲ್ಲ?

ಹಿರಿಯಾಕೆ: ನಿಂತರು. ಇನ್ನೊಂದು ಶಾಲೆಯ ಹಿರಿಯ ಶಿಕ್ಷಕಿಯೊಬ್ಬರು ತಮ್ಮ ಮಗಳ ಮದುವೆಯಲ್ಲಿ ತಾವೇ ಕುಣಿಯುತ್ತಿರುವ ಫೋಟೋಗಳನ್ನು ಎಲ್ಲರಿಗೂ ಕಾಣುವಂತೆ ಹಾಕಿದರು. ಹೆಂಗಸರ ಹಕ್ಕಿನ ಸಂಸ್ಥೆಯ ಮುಖ್ಯಸ್ಥೆ ಅವಳಿಗೆ ಕೆಲಸ ಕೊಡುತ್ತೇನೆಂದರು. ಕೊನೆಗೆ ಅವಳಿಗೆ ಮತ್ತೆ ಶಿಕ್ಷಕಿಯ ಕೆಲಸ ಸಿಕ್ಕಿತು. ಸಬಲೀಕರಣ ಎಂಬ ಪದವನ್ನು ಎಲ್ಲಾದರೂ ಬಳಸಬೇಕಾದರೆ ನಾನು ಆ ಮದುವೆ ಫೋಟೋಗಳಿಗೆ ಬಳಸುತ್ತೇನೆ. ಆಕೆ ನಾನು ಅಂಥವಳಲ್ಲ ಎನ್ನಲಿಲ್ಲ, ನಾನೂ ಅಂಥವಳೇ ಎಂದರು. ಆದರೆ ಆ ಅನುಕಂಪಕ್ಕೂ ಗಡಿ ಇತ್ತು ನೋಡು. ಅದಕ್ಕೆ ಸುಮಾರು ಒಂದೂವರೆ ವರ್ಷದ ಹಿಂದೆ, 2020ರ ಜೂನ್‌ನಲ್ಲಿ, ಸಮಾ ಅಲ್-ಮಸ್ರಿ ಎಂಬ ವೃತ್ತಿನರ್ತಕಿಗೆ ವಿಡಿಯೊಗಳ ಕಾರಣಕ್ಕೆ ಕೈರೋ ನ್ಯಾಯಾಲಯ 3 ವರ್ಷ ಜೈಲು, 3 ಲಕ್ಷ ಪೌಂಡ್ ದಂಡ ಹಾಕಿತು. ಮರುತಿಂಗಳೇ ಟಿಕ್‌ಟಾಕ್ ಹುಡುಗಿಯರಿಗೂ ಶಿಕ್ಷೆಯಾಯಿತು. ‘ಕುಟುಂಬದ ಮೌಲ್ಯ’ ಉಲ್ಲಂಘಿಸಿದರೆ ಅಪರಾಧ ಎನ್ನುವ 2018ರ ಸೈಬರ್ ಕಾಯ್ದೆಯ ಒಂದು ಕಲಮು ಅದಕ್ಕೆ ಸಾಕಾಯಿತು. ಯಾರ ಕುಟುಂಬ, ಯಾವ ಮೌಲ್ಯ ಎಂದು ಆ ಕಲಮಿನಲ್ಲಿ ಬರೆದಿಲ್ಲ. ಅವರಿಗಾಗಿ ಯಾವ ಶಾಲೆಯ ಶಿಕ್ಷಕಿಯೂ ಫೋಟೋ ಹಾಕಲಿಲ್ಲ.

ಕಿರಿಯಾಕೆ: ಇಲ್ಲಿ ಕೂತು ಅರಬ್ಬರನ್ನು ತೂಗುವ ಅಧಿಕಾರ ನಮಗಿದೆಯೇ ಎಂಬ ಅಳುಕು ನನಗೆ.

ಹಿರಿಯಾಕೆ: ಅಳುಕು ಇರಲಿ, ಒಳ್ಳೆಯದು. ಮಹಾರಾಷ್ಟ್ರ 2005ರಲ್ಲಿ ಡಾನ್ಸ್ ಬಾರುಗಳನ್ನು ಮುಚ್ಚಿಸಿದಾಗ ದೊಡ್ಡ ನಕ್ಷತ್ರದ ಹೋಟೆಲುಗಳಿಗೆ ವಿನಾಯಿತಿ ಕೊಟ್ಟಿತ್ತು. 2013ರಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ಹೀಗಾಗಿ ತಕ್ಕಡಿ ಹಿಡಿದು ಕೂರುವ ಯೋಗ್ಯತೆ ನಮಗಿಲ್ಲ. ಆದರೆ ನಾನು ತಂದದ್ದು ನನ್ನ ತಕ್ಕಡಿಯನ್ನಲ್ಲ. ‘ದಪ್ಪಗಾಗಲಿ ಬಿಡಿ’ ಎಂದವರು ಸೌದಿ ಹೆಂಗಸರು, ನಮ್ಮದೂ ಕಸುಬೇ ಎಂದವರು ಕೈರೋದ ನರ್ತಕಿಯರು. ಅವರ ನಾಡಿನ ಮಾತನ್ನು ಅವರ ನಾಡಿನ ಹೆಂಗಸರೇ ಆಡಿದ್ದಾರೆ. ಇನ್ನೂ ಅನುಮಾನವಿದ್ದರೆ ಮೊದಲಿಗೆ ಹೇಳಿದ ರಿಯಾದಿಗೇ ವಾಪಸು ಹೋಗೋಣ. 2018ರ ಮಾರ್ಚ್‌ನಲ್ಲಿ ಸೌದಿ ಯುವರಾಜ ಅಮೆರಿಕದ ಟಿವಿಯಲ್ಲಿ ಕೂತು, ಅಬಾಯಾ ತೊಡಲೇಬೇಕೆಂದು ಕಾನೂನಿಲ್ಲ, ಗೌರವದ ಉಡುಪಿದ್ದರೆ ಸಾಕು, ಆಯ್ಕೆ ಹೆಂಗಸರದೇ ಎಂಬರ್ಥದ ಮಾತಾಡಿದ. ಅದನ್ನು ನಂಬಿದವರಲ್ಲಿ ಮನಾಹೆಲ್ ಅಲ್-ಒತೈಬಿ ಒಬ್ಬಳು. ಅಬಾಯಾ ಇಲ್ಲದೆ ಅಂಗಡಿಗೆ ಹೋದಳು, ಅದನ್ನು ತಾನೇ ಜಾಲತಾಣದಲ್ಲಿ ಹಾಕಿದಳು, ಹೆಂಗಸರ ಹಕ್ಕಿನ ಬಗ್ಗೆ ಬರೆದಳು. ಬಾಗಿಲು ಯಾರೂ ಒಡೆಯಲಿಲ್ಲ, ಅವಳೇ ತೆರೆದಳು. 2022ರ ನವೆಂಬರ್‌ನಲ್ಲಿ ಬಂಧಿಸಿದರು. 2024ರ ಜನವರಿ 9ರಂದು, ಭಯೋತ್ಪಾದನೆಯ ಮೊಕದ್ದಮೆಗಳಿಗೆಂದು ಇರುವ ವಿಶೇಷ ನ್ಯಾಯಾಲಯ ಅವಳಿಗೆ 11 ವರ್ಷ ಜೈಲು ಶಿಕ್ಷೆ ವಿಧಿಸಿತು. ಸೌದಿ ಸರ್ಕಾರ ವಿಶ್ವಸಂಸ್ಥೆಗೆ ಉತ್ತರ ಬರೆದಾಗಲೇ ಹೊರಗಿನವರಿಗೆ ಅದು ತಿಳಿದದ್ದು.

ಕಿರಿಯಾಕೆ: ಆಕೆ ಚಳವಳಿಗಾರ್ತಿಯೇ?

ಹಿರಿಯಾಕೆ: ಜಿಮ್ಮಿನಲ್ಲಿ ವ್ಯಾಯಾಮ ಹೇಳಿಕೊಡುತ್ತಿದ್ದಳು.